ಹತ್ತಿರದ ಗೋಡೆ

ಹಳೆಯ ಅಲ್ಟ್ರಾಸೌಂಡ್ ಮೆಷಿನ್ ಇವತ್ತು ಹೋಗುತ್ತದೆ ಎಂಬುದು ಅವನಿಗೆ ಹದಿನೈದು ದಿನದಿಂದ ಗೊತ್ತಿತ್ತು. ಆದರೂ ಬೆಳಿಗ್ಗೆ ಸ್ಕ್ಯಾನ್ ಕೋಣೆಯ ಬಾಗಿಲು ತೆರೆದಾಗ, ಮೈಮೇಲೆ ಆಡಿಸುವ ಪ್ರೋಬುಗಳನ್ನೆಲ್ಲ ಕಳಚಿಸಿಕೊಂಡು, ವೈರನ್ನು ಸೊಂಟಕ್ಕೆ ಸುತ್ತಿಕೊಂಡು ಅದು ಗೋಡೆಯ ಪಕ್ಕ ನಿಂತಿರುವುದನ್ನು ಕಂಡು ಹಿಡಿಕೆಯ ಮೇಲಿನ ಕೈ ತೆಗೆಯದೆ ಹೊಸ್ತಿಲಲ್ಲೇ ನಿಂತ. ಇಷ್ಟು ವರ್ಷ ಒಡನಾಡಿದ ಯಂತ್ರದ ಮೇಲಿನ ಪ್ರೀತಿಯೇ ಇದು ಎಂದು ಯಾರಾದರೂ ಕೇಳಿದ್ದರೆ ಹೌದೆಂದು ತಲೆಯಾಡಿಸಿ ಪಾರಾಗುತ್ತಿದ್ದ. ಯಾರೂ ಕೇಳಲಿಲ್ಲ. ಪರದೆಯ ಹಿಂದಿನ ಕೊಕ್ಕೆಗೆ ಕೋಟು ನೇತುಹಾಕಿ, ಜೆಲ್ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ, ಮಂಚಕ್ಕೆ ಹೊಸ ಕಾಗದ ಎಳೆದು, ಇಪ್ಪತ್ತನಾಲ್ಕು ವರ್ಷದಿಂದ ಮಾಡಿದ್ದನ್ನೇ ಮಾಡುತ್ತ ಅವನು ಗೋಡೆಯ ಕಡೆ ಕಣ್ಣು ಹೋಗದ ಹಾಗೆ ನೋಡಿಕೊಂಡ. ಇವತ್ತು ಗುರುವಾರ. ಗುರುವಾರ ಮಧ್ಯಾಹ್ನ ಅರ್ಧ ದಿನ ರಜೆ ಬರೆದು ಅಕ್ಕನ ಮನೆಗೆ ಹೋಗುತ್ತಾನೆ. ದೊಡ್ಡ ಆಸ್ಪತ್ರೆಯವರು 'ಇನ್ನು ಮನೆಯಲ್ಲೇ ಆರಾಮಾಗಿ ಇರಲಿ' ಎಂದು ಅವಳನ್ನು ಕಳಿಸಿಕೊಟ್ಟ ಮೇಲೆ ಇದು ಮೂರನೆಯ ಗುರುವಾರ. ಆರಾಮ ಎಂಬ ಮಾತನ್ನು ಡಾಕ್ಟರುಗಳು ಯಾವಾಗ ಉಪಯೋಗಿಸುತ್ತಾರೆಂದು ಅವನಿಗೆ ಗೊತ್ತು, ಅಕ್ಕನಿಗೂ ಗೊತ್ತು. ಭಾವ ಒಬ್ಬರೇ ಅದನ್ನು ಅಕ್ಷರಶಃ ನಂಬಿ, ಅವಳಿಗೆ ಆರಾಮಾಗಲೆಂದು ಹೊಸ ದಿಂಬು ತಂದಿದ್ದರು.

"ಮೇಷ್ಟ್ರೇ, ಹತ್ತೂವರೆಗೆ ವ್ಯಾನ್ ಬರತ್ತೆ. ಅಷ್ಟರಲ್ಲಿ ಡಿಸ್ಕ್ ಅಳಿಸ್ಬೇಕು. ಏನಾದ್ರೂ ಬೇಕಾದ್ದಿದ್ರೆ ನೋಡ್ಕೊಂಡ್ಬಿಡಿ" ಎಂದ ಕಂಪನಿಯ ರಿಪೇರಿಯವನು, ಸೊಂಟದ ಸ್ಕ್ರೂಡ್ರೈವರ್ ತಡವಿಕೊಳ್ಳುತ್ತ ಒಳಗೆ ಬಂದು. ಹೊಸಬರಿಗೆ ಕೆಲಸ ಕಲಿಸುವವನೆಂದು ಅವನನ್ನು ಇಡೀ ಆಸ್ಪತ್ರೆ ಮೇಷ್ಟ್ರೆಂದೇ ಕರೆಯುತ್ತಿತ್ತು. ಬೆನ್ನ ಹಿಂದೆ ಕತ್ತಲೆ ಮೇಷ್ಟ್ರು.

"ಎಲ್ಲಾ ಚಿತ್ರ ಆಸ್ಪತ್ರೆಯ ಸರ್ವರ್‌ಗೆ ಹೋಗಿದೆಯಲ್ಲ."

"ಹೋಗಿದ್ದು ಹೋಗಿದೆ. ಹೋಗದೇ ಇರೋದು ಇನ್ನೂರ ಹನ್ನೆರಡು ಇದೆ ನೋಡಿ. ಎಲ್ಲದಕ್ಕೂ 'ಟೆಸ್ಟ್' ಅಂತ ಹೆಸರು. ನಿಮ್ಮಲ್ಲಿ ಟೆಸ್ಟ್ ಅನ್ನೋರು ಭಾರೀ ದೊಡ್ಡ ಸಂಸಾರದವರು ಬಿಡಿ!"

ಅವನು ನಕ್ಕ, ನಗಲೇಬೇಕಿತ್ತು. ಆ ದೊಡ್ಡ ಸಂಸಾರ ಅವರೆಲ್ಲರದು. ಆಸ್ಪತ್ರೆಯವರ ಅತ್ತೆ, ಚಿಕ್ಕಪ್ಪ, ನಾದಿನಿ, ಪಕ್ಕದ ಮನೆಯಾಕೆ, ಯಾರಿಗೆ ಹೊಟ್ಟೆ ನೋವಾದರೂ ಚೀಟಿಯಿಲ್ಲದೆ, ಸರದಿಯಿಲ್ಲದೆ ಊಟದ ಹೊತ್ತಿನಲ್ಲಿ ಹಿಂಬಾಗಿಲಿನಿಂದ ಬರುತ್ತಿದ್ದರು. ಹೆಸರಿನ ಜಾಗದಲ್ಲಿ ಏನಾದರೂ ತುಂಬದಿದ್ದರೆ ಮೆಷಿನ್ ಮುಂದಕ್ಕೆ ಹೋಗುವುದಿಲ್ಲವಾದ್ದರಿಂದ 'ಟೆಸ್ಟ್' ಎಂದು ಹೊಡೆಯುವುದು ವಾಡಿಕೆ. ಆ ಹೆಸರಿನ ಚಿತ್ರಗಳು ಸರ್ವರ್‌ಗೆ ಹೋಗುವುದಿಲ್ಲ, ಯಾವ ಡಾಕ್ಟರೂ ನೋಡುವುದಿಲ್ಲ, ವರದಿಯೂ ಇಲ್ಲ. ನೋಡಿದವನ ಬಾಯಿಮಾತೇ ವರದಿ. 'ಏನೂ ಇಲ್ಲ, ಗ್ಯಾಸು' ಎಂದರೆ ಮುಗಿಯಿತು. ಹಾಗೆ ನೋಡಿದರೆ ಇದೊಂದು ಸಣ್ಣ ಪುಣ್ಯದ ಕೆಲಸವೇ, ಅವನೇ ಎಷ್ಟು ಜನಕ್ಕೆ ಮಾಡಿಕೊಟ್ಟಿದ್ದಾನೆ. ಆ ಚಿತ್ರಗಳು ತಾವಾಗಿಯೇ ಅಳಿಸಿಹೋಗುತ್ತವೆಂದು ಅವನು ನಂಬಿದ್ದ. ನಂಬಿದ್ದ ಎನ್ನುವುದೂ ಪೂರ್ತಿ ನಿಜವಲ್ಲ, ಅಳಿಸಿಹೋಗಿವೆಯೆಂದು ನಂಬುವುದಕ್ಕೋಸ್ಕರ ಎಂಟು ತಿಂಗಳಿಂದ ಆ ಪಟ್ಟಿಯನ್ನು ತೆರೆದೇ ಇರಲಿಲ್ಲ.

ಎಂಟು ತಿಂಗಳ ಹಿಂದೆ ಅಕ್ಕ ಬಂದದ್ದು ಅಂಥದೇ ಒಂದು ಊಟದ ಹೊತ್ತಿನಲ್ಲಿ. ಮುಂಚೆ ಫೋನು ಮಾಡಲಿಲ್ಲ, ಏನಿಲ್ಲ. ಕೈಯಲ್ಲಿ ಹಿಡಿ ಕಿತ್ತ ಚೀಲ, ಹೆಗಲ ಮೇಲೆ ಹೊಲಿಗೆಯ ಅಳತೆಪಟ್ಟಿ; ತೆಗೆಯಲು ಮರೆತು ಹಾಗೇ ಬಸ್ಸು ಹತ್ತಿಬಂದಿದ್ದಳು. "ಬಲಗಡೆ ಪಕ್ಕೆ ಕೆಳಗೆ ಏನೋ ಹಿಡಿದ ಹಾಗಾಗತ್ತೆ ಕಣೋ, ನಿಂಗೆ ತೊಂದ್ರೆ ಇಲ್ಲಾಂದ್ರೆ ಒಂದ್ಸಲ ಆ ನಿನ್ ಸ್ಕ್ಯಾನ್ ಮಿಕ್ಸಿ ಇಟ್ಟು ನೋಡ್ಬಿಡು" ಎಂದಳು. ಕೋಣೆಯಲ್ಲಿ ದೊಡ್ಡ ಡಾಕ್ಟರಮ್ಮ ಇದ್ದರು, ಕಲಿಯಲು ಬಂದ ಇಬ್ಬರು ಹುಡುಗಿಯರಿದ್ದರು. ಅವನು ದೀಪ ಆರಿಸಿದ. ಆಗ ಅಕ್ಕ ಮಂಚದ ಮೇಲೆ ಮಲಗಿಕೊಂಡೇ ಡಾಕ್ಟರಮ್ಮನ ಕಡೆ ತಿರುಗಿ, ತಮ್ಮನ ಹೆಚ್ಚುಗಾರಿಕೆ ಸಾರುವ ಉತ್ಸಾಹದಲ್ಲೇ ಹೇಳಿದಳು: "ನೋಡಿ ಡಾಕ್ಟರಮ್ಮ, ಒಂಬತ್ತು ವರ್ಷ ಆಗೋವರ್ಗೂ ಇವನಿಗೆ ಕತ್ತಲೆ ಕಂಡ್ರೆ ಆಗ್ತಿರ್ಲಿಲ್ಲ. ನಿಂತಲ್ಲೇ ಉಚ್ಚೆ ಹುಯ್ಕೊಳ್ಳೋನು. ಈಗ ನೋಡಿದ್ರೆ ಕತ್ತಲಲ್ಲೇ ಸಂಪಾದನೆ!" ಡಾಕ್ಟರಮ್ಮ ಗಟ್ಟಿಯಾಗಿ ನಕ್ಕರು. ಹುಡುಗಿಯರಿಗೆ ನಗಬೇಕೋ ಬೇಡವೋ ತಿಳಿಯದೆ ಬಾಯಿಗೆ ಕೈ ಅಡ್ಡ ಹಿಡಿದು, ಹಿಡಿದದ್ದರಿಂದಲೇ ಇನ್ನೂ ಹೆಚ್ಚು ನಕ್ಕರು. ಅವನ ಕಿವಿಗಳು ಕಾದವು. ಐವತ್ತು ದಾಟಿದ ಗಂಡಸು, ಹುಡುಗಿಯರಿಗೆ ಪಾಠ ಹೇಳುವವನು, ಸೂಪರ್‌ವೈಸರ್ ಹುದ್ದೆಗೆ ಅದೇ ವಾರ ಡಾಕ್ಟರಮ್ಮ ಅವನ ಹೆಸರು ಬರೆಯಬೇಕಾಗಿತ್ತು. ಇನ್ನು ಮೇಲೆ ಆ ಹುಡುಗಿಯರು ತನ್ನನ್ನು ನೋಡಿದಾಗಲೆಲ್ಲ ಒದ್ದೆ ಚಡ್ಡಿಯ ಹುಡುಗನನ್ನೇ ನೋಡುತ್ತಾರೆಂದು ಅವನಿಗೆ ಖಾತ್ರಿಯಾಯಿತು. ಜೆಲ್ ಬಿಸಿಯಾಗಿದೆಯೇ ಎಂದು ನೋಡಲಿಲ್ಲ. ತಣ್ಣನೆಯದನ್ನೇ ಹಿಂಡಿದ. ಅಕ್ಕ "ಹಾಯ್!" ಎಂದು ಮೈ ಕುಗ್ಗಿಸಿದಾಗ ಅವನಿಗೆ ಒಂದು ಚೂರು, ಒಂದು ಉಗುರಿನಷ್ಟು, ಸಂತೋಷವಾಯಿತು.

"ನೋಡ್ಕೊಳ್ತೀರೋ, ಅಳಿಸ್ಬಿಡ್ಲೋ?" ಎಂದು ರಿಪೇರಿಯವನು ಮೆಷಿನ್ನಿಗೆ ಕರೆಂಟು ಕೊಡುತ್ತ ಕೇಳಿದ. ನೀನು ಚಾ ಕುಡಿದು ಬಾ, ಅಷ್ಟರಲ್ಲಿ ನೋಡಿರುತ್ತೇನೆ ಎಂದು ಅವನನ್ನು ಸಾಗಹಾಕಿ, ಬಾಗಿಲು ಮುಂದೆ ಮಾಡಿ, ದೀಪ ಆರಿಸಿ ಕುಳಿತ. ಪರದೆ ಬೆಳಗಿತು. ಟೆಸ್ಟ್, ಟೆಸ್ಟ್, ಟೆಸ್ಟ್. ಒಬ್ಬೊಬ್ಬರಿಗೂ ಒಂದು ತಾರೀಖು, ಒಂದು ಹೊತ್ತು, ಅಷ್ಟೇ ಗುರುತು. ಅಕ್ಕನ ತಾರೀಖು ಅವನಿಗೆ ಹುಡುಕಬೇಕಾಗಿಯೇ ಇರಲಿಲ್ಲ. ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ಶುರು, ಒಂದು ಗಂಟೆ ಹದಿನಾರಕ್ಕೆ ಮುಕ್ತಾಯ. ನಾಲ್ಕು ನಿಮಿಷ. ಗುರುತು ಪರಿಚಯವಿಲ್ಲದ ಯಾವ ಹೆಂಗಸಿಗೂ ಅವನು ಹದಿನೈದು ನಿಮಿಷಕ್ಕಿಂತ ಕಡಿಮೆ ಕೊಟ್ಟವನಲ್ಲ. ಎಡಮಗ್ಗುಲಿಗೆ ತಿರುಗಿಸಿ ನೋಡಬೇಕಿತ್ತು, ತಿರುಗಿಸಲಿಲ್ಲ. ಸಣ್ಣ ಪ್ರೋಬು ತೆಗೆದುಕೊಂಡು ಮೇಲಿನ ಭಾಗವನ್ನು ಬೇರೆಯಾಗಿ ನೋಡಬೇಕಿತ್ತು. ಅದು ಕೈಗೆಟಕುವ ಹಾಗೆಯೇ ಕೊಕ್ಕೆಯಲ್ಲಿತ್ತು. ಅವಳು ಇನ್ನೊಂದು ಕಥೆ ಶುರು ಮಾಡುವ ಮುಂಚೆ ಕೋಣೆಯಿಂದ ಆಚೆ ಹೋಗಲಿ ಎಂಬುದೊಂದೇ ಅವನ ತಲೆಯಲ್ಲಿದ್ದದ್ದು. ಇದನ್ನು ಅವನು ಇಷ್ಟು ದಿನ ಬೇರೆ ಮಾತಿನಲ್ಲಿ ಹೇಳಿಕೊಂಡಿದ್ದ: ಹೊರಗೆ ಜನ ಕಾಯುತ್ತಿದ್ದರು, ಊಟವಾಗಿರಲಿಲ್ಲ, ಅಕ್ಕನೇ ಅವಸರ ಮಾಡಿದಳು. ಒಂದೂ ಸುಳ್ಳಲ್ಲ, ಆದರೆ ಒಂದೂ ಕಾರಣವಲ್ಲ.

ಮೂರು ಚಿತ್ರಗಳಿದ್ದವು. ಎರಡನೆಯದರಲ್ಲಿ, ಮೂರನೆಯದರಲ್ಲಿ ಮೂಲೆಯಲ್ಲಿ ಪುಟ್ಟ 'ಹೆಚ್' ಅಕ್ಷರ, ಚಿತ್ರವನ್ನು ತಿಳಿಮಾಡುವ ಹಾರ್ಮೋನಿಕ್ ಬಟನ್ ಒತ್ತಿದ್ದರ ಗುರುತು. ಎರಡರಲ್ಲೂ ಪಿತ್ತಕೋಶ ಕಪ್ಪಾಗಿ, ತಿಳಿಯಾಗಿ, ತೊಳೆದಿಟ್ಟ ಹಾಗಿತ್ತು. ಅವನು ಅಕ್ಕನಿಗೆ ಹೇಳಿದ್ದೂ ಅದನ್ನೇ, 'ಕನ್ನಡಿ ಹಾಗಿದೆ, ಏನೂ ಇಲ್ಲ, ಹೊತ್ತು ಹೊತ್ತಿಗೆ ತಿನ್ನು'. ಮೊದಲನೆಯ ಚಿತ್ರದ ಮೂಲೆಯಲ್ಲಿ ಆ ಅಕ್ಷರವಿರಲಿಲ್ಲ. ಅದನ್ನು ಉಳಿಸಿದ ನೆನಪೇ ಅವನಿಗಿಲ್ಲ. ಕೈ ಅಭ್ಯಾಸಬಲದಿಂದ ಒತ್ತಿರಬೇಕು. ಅದನ್ನು ಈಗ ತೆರೆಯಬೇಕಿತ್ತು. ಬೆರಳು ಮತ್ತೆ ಎರಡನೆಯ ಚಿತ್ರಕ್ಕೇ ಹೋಯಿತು.

ಆ ಬಟನ್ನಿನ ವಿಷಯ ಅವನಿಗೆ ಗೊತ್ತಿರಲಿಲ್ಲವೆಂದು ದೇವರಾಣೆ ಹೇಳುವ ಹಾಗಿಲ್ಲ. ಆಸ್ಪತ್ರೆಯಲ್ಲಿ ಅದರ ಬಗ್ಗೆ ಅವನಷ್ಟು ಚೆನ್ನಾಗಿ ಹೇಳುವವರು ಇನ್ನೊಬ್ಬರಿರಲಿಲ್ಲ. ಪ್ರತಿ ವರ್ಷ ಹೊಸದಾಗಿ ಬಂದವರನ್ನು ಇದೇ ಕತ್ತಲಲ್ಲಿ ಕೂರಿಸಿಕೊಂಡು ಹೇಳುತ್ತಿದ್ದ: "ನಾವು ಕಿವಿಗೆ ಕೇಳಿಸದ ಒಂದು ಶಬ್ದನ ಮೈಯೊಳಗೆ ಕಳಿಸ್ತೀವಿ. ಅದು ಸರಿಯಾಗಿ ಏರಿ ಇಳಿದು ಹೊರಡತ್ತೆ. ಆದ್ರೆ ಹಾದೀಲಿ ಅಲೆಯ ಏರು ಅದರ ಇಳಿತಕ್ಕಿಂತ ಒಂಚೂರು ಜೋರಾಗಿ ಓಡತ್ತೆ. ಓಡ್ತಾ ಓಡ್ತಾ ಅಲೆ ಮುಂದಕ್ಕೆ ವಾಲತ್ತೆ, ರೂಪ ಕೆಡತ್ತೆ. ಹಾಗೆ ಕೆಟ್ಟ ಅಲೆಯೊಳಗೇ ಎರಡರಷ್ಟು ಶ್ರುತಿಯ ಇನ್ನೊಂದು ಸಣ್ಣ ಶಬ್ದ ಹುಟ್ಕೊಳ್ಳತ್ತೆ. ಅದು ನಾವು ಕಳಿಸಿದ್ದಲ್ಲ, ಮೈಯೊಳಗೆ ಹುಟ್ಟಿದ್ದು. ಚರ್ಮ, ಮಾಂಸದ ಪದರಗಳಲ್ಲಿ ಬಡಿದಾಡಿ ಮಬ್ಬು ಮಾಡೋದೆಲ್ಲ ಕಳಿಸಿದ ಶಬ್ದ. ಈ ಬಟನ್ ಒತ್ತಿದ್ರೆ ಮೆಷಿನ್ ಅದನ್ನ ಕಿವಿ ಮೇಲೆ ಹಾಕ್ಕೊಳ್ಳಲ್ಲ, ಹುಟ್ಟಿದ್ದನ್ನ ಮಾತ್ರ ಕೇಳಿಸ್ಕೊಳ್ಳತ್ತೆ. ಅದಕ್ಕೇ ಚಿತ್ರ ತಿಳಿ." ಯಾರಿಗಾದರೂ ಅರ್ಥವಾಗದಿದ್ದರೆ ಗಾಳಿಮಾತಿನ ಉದಾಹರಣೆ. ಮನೆಯ ಹೊಸ್ತಿಲಲ್ಲಿ ಆಡಿದ ಮಾತು ಹೊಸ್ತಿಲಲ್ಲೇ ಕೆಡುವುದಿಲ್ಲ. ನಾಲ್ಕು ಬೀದಿ ದಾಟಲಿ, ಆಗ ನೋಡಿ ಅದಕ್ಕೆ ಹೇಗೆ ಕೋಡು ಮೂಡುತ್ತದೆ! ಈ ಮೆಷಿನ್ ಆ ಕೋಡನ್ನೇ ಕೇಳಿಸಿಕೊಳ್ಳುವುದು. ಎಲ್ಲರೂ ನಕ್ಕ ಮೇಲೆ ಬೆರಳೆತ್ತಿ ಮುಗಿಸುತ್ತಿದ್ದ: "ಹಾಗಾದ್ರೆ ಹೊಸ್ತಿಲಲ್ಲಿ ಏನಾಯ್ತು ಅನ್ನೋದು ಇದಕ್ಕೆ ಗೊತ್ತಾಗತ್ತಾ? ಗೊತ್ತಾಗಲ್ಲ. ಚರ್ಮಕ್ಕೆ ತೀರಾ ಹತ್ತಿರ ಇರೋದು ಈ ಬಟನ್ನಿಗೆ ಕಾಣಲ್ಲ, ಅಲ್ಲಿ ಆ ಶಬ್ದ ಇನ್ನೂ ಹುಟ್ಟೇ ಇರಲ್ಲ. ದೀಪದ ಬುಡದಲ್ಲಿ ಕತ್ತಲೆ. ತೆಳ್ಳಗಿರೋರು ಬಂದ್ರೆ ಬಟನ್ ತೆಗೆದು, ಸಣ್ಣ ಪ್ರೋಬಲ್ಲಿ ಇನ್ನೊಂದ್ಸಲ ನೋಡ್ಬೇಕು. ಬರ್ಕೊಳ್ಳಿ." ಬರೆದುಕೊಳ್ಳುತ್ತಿದ್ದರು. ಅಕ್ಕ ತೆಳ್ಳಗಿದ್ದಳು. ಅವಳನ್ನು ತೆಳ್ಳಗೆ ಎನ್ನುವುದೂ ಮರ್ಯಾದೆಯ ಮಾತು. ಅವಳ ಪಿತ್ತಕೋಶದ ಮೇಲಿನ ಗೋಡೆ ಚರ್ಮದಿಂದ ಎರಡು ಬೆರಳು ಕೆಳಗಿತ್ತು, ಅಷ್ಟೇ.

ಚಿತ್ರ ತೆರೆದ. ಮೇಲ್ಭಾಗವೆಲ್ಲ ಬೂದು ಮಬ್ಬು, ಯಾರಲ್ಲೂ ಇರುವಂಥದೇ, ದಿನಕ್ಕೆ ಮೂವತ್ತು ಸಲ ನೋಡುವಂಥದೇ. ಅದನ್ನು ತೊಳೆಯುವುದಕ್ಕೆಂದೇ ಬೆರಳು ತಾನಾಗಿ ಆ ಬಟನ್ನಿಗೆ ಹೋಗುವುದು. ಆದರೆ ಮಬ್ಬಿನ ನಡುವೆ, ಹತ್ತಿರದ ಗೋಡೆಗೆ ಅಂಟಿಕೊಂಡು, ಒಂದು ಕಡೆ ಸ್ವಲ್ಪ ದಪ್ಪಗಿತ್ತು. ಮುಖವನ್ನು ಪರದೆಗೆ ಮೂಗು ತಗಲುವಷ್ಟು ಹತ್ತಿರ ತಂದ. ಮಬ್ಬಿಗೆ ಅಂಚು ಇರುವುದಿಲ್ಲ. ಇದಕ್ಕೆ ಅಂಚಿತ್ತು; ಗಡ್ಡೆ. ಅಳತೆಯ ಗೆರೆ ಎಳೆದ, ಹೆಬ್ಬೆರಳಿನ ಉಗುರಿನಷ್ಟಾಯಿತು. ಅವತ್ತು ಬಟನ್ ಒತ್ತುವ ಮುಂಚೆ ಇದು ಅವನ ಕಣ್ಣ ಮುಂದೆಯೇ ಇತ್ತು, ಒತ್ತಿದ ಮೇಲೆ ಮಬ್ಬಿನ ಜೊತೆ ಅದೂ ಹೋಯಿತು. ಕೊಳೆಯ ಜೊತೆ ಗುಂಡಿಯನ್ನೂ ಕಿತ್ತು ತೊಳೆಯುವ ಅಗಸನ ಹಾಗೆ. ಅಯ್ಯೋ ಅಕ್ಕಾ ಎಂದ, ಬಾಯಿ ಬಿಟ್ಟು. ಆಮೇಲೆ ಏಳು ತಿಂಗಳು ಅವಳು ಯಾವ ಡಾಕ್ಟರ ಹತ್ತಿರವೂ ಹೋಗಲಿಲ್ಲ. ಭಾವ ಎಷ್ಟು ಹೇಳಿದರೂ, ಪಕ್ಕದ ಮನೆಯವರು ಗದರಿದರೂ, ಅವಳದು ಒಂದೇ ಉತ್ತರ: "ನನ್ ತಮ್ಮ ನೋಡಿದಾನೆ. ಅವನಿಗಿಂತ ಇವರಿಗೆ ಜಾಸ್ತಿ ಗೊತ್ತಾ?" ಗ್ಯಾಸಿನ ಮಾತ್ರೆ ನುಂಗುತ್ತ, ಹೊಲಿಗೆ ಮೆಷಿನ್ ತುಳಿಯುತ್ತ, ಕಣ್ಣು ಹಳದಿಯಾಗುವ ತನಕ ತಮ್ಮನ ವಿದ್ಯೆಯನ್ನು ಹೊಗಳಿಕೊಂಡಿದ್ದಳು. ಕಣ್ಣು ಹಳದಿಯಾದ ದಿನವೂ ಮೊದಲು ಫೋನು ಮಾಡಿದ್ದು ಅವನಿಗೇ.

ರಿಪೇರಿಯವನು ಚಾ ಮುಗಿಸಿ ಬಂದ. ಬಂದವನು ಪರದೆ ನೋಡಿ, ತನ್ನ ಯಂತ್ರದ ಮರ್ಯಾದೆ ಕಾಯುವವನ ಹಾಗೆ, "ಇದೇನು ಮೇಷ್ಟ್ರೇ ಇಷ್ಟು ಮಬ್ಬಾಗಿದೆ, ಹಾರ್ಮೋನಿಕ್ ಹಾಕಿರ್ಲಿಲ್ವಾ?" ಎಂದ.

"ಆಮೇಲೆ ಹಾಕಿದೆ."

"ಅದನ್ನ ಮೊದ್ಲೇ ಹಾಕೋದಲ್ವಾ. ಹೊಸದ್ರಲ್ಲಿ ಅದು ತಾನಾಗೇ ಆನ್ ಆಗಿ ಬರತ್ತೆ, ಒತ್ತೋ ಕೆಲಸಾನೇ ಇಲ್ಲ. ಅಳಿಸ್ಲಾ?"

ಅವನಿಗೆ ಆ ಕ್ಷಣದಲ್ಲಿ ಅಳುವೂ ಬರಲಿಲ್ಲ. ಒಂದು ನಕಲು ಕೇಳಬಹುದಿತ್ತು. ದೊಡ್ಡ ಡಾಕ್ಟರಮ್ಮನನ್ನು ಕರೆದು ತೋರಿಸಿ, ಇಂಥ ತಪ್ಪು ಮಾಡಿದ್ದೇನೆ, ಇದನ್ನೇ ಪಾಠಕ್ಕೆ ಇಟ್ಟುಕೊಳ್ಳಿ ಎನ್ನಬಹುದಿತ್ತು. ಹಾಗೆ ಹೇಳುವ ತನ್ನ ದನಿಯನ್ನೂ, ಅದರಲ್ಲಿನ ಗಾಂಭೀರ್ಯವನ್ನೂ ಮನಸ್ಸಿನಲ್ಲೇ ಕೇಳಿಸಿಕೊಂಡು ಅವನಿಗೆ ಹೇಸಿಗೆಯಾಯಿತು. "ಅಳಿಸು" ಎಂದ. ಅಳಿಸಲು ಸ್ಕ್ಯಾನ್ ವಿಭಾಗದವರ ಬೆರಳಿನ ಗುರುತು ಬೇಕಂತೆ. ಬೆರಳಿಟ್ಟ. ಪರದೆಯ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ತುಂಬುತ್ತ ಹೋಯಿತು; ಅತ್ತೆಯಂದಿರು, ಚಿಕ್ಕಪ್ಪಂದಿರು, ನಾದಿನಿಯರು, ಕೊನೆಗೆ ಅಕ್ಕ. ಎದೆಯ ಮೇಲಿಂದ ಕಲ್ಲು ಇಳಿಸಿದ ಹಾಗೆ ಹಗುರವಾಯಿತು. ಆ ಹಗುರ ಅವನನ್ನು ಹೆದರಿಸಿತು. ಇನ್ನು ಈ ಲೋಕದಲ್ಲಿ ಈ ವಿಷಯ ಬಲ್ಲವನು ತಾನೊಬ್ಬನೇ, ಬಾಯಿ ಮುಚ್ಚಿಕೊಂಡರೆ ಅದು ಆಗಿಯೇ ಇಲ್ಲ. ಅಕ್ಕನಿಗೆ ಇವತ್ತೇ ಹೇಳಬೇಕೆಂದು ಅವನು ತೀರ್ಮಾನಿಸಿದ್ದು ಆಗ, ಆ ಹಗುರಕ್ಕೆ ಹೆದರಿ. ಹತ್ತೂವರೆಗೆ ನಾಲ್ಕು ಜನ ಮೆಷಿನ್ನನ್ನು ತಳ್ಳಿಕೊಂಡು ಹೋದರು. ಅದರ ಒಂದು ಚಕ್ರ ಮೊದಲಿಂದಲೂ ಕಿರುಗುಟ್ಟುತ್ತಿತ್ತು, ಲಿಫ್ಟಿನ ತನಕ ಕೇಳಿಸಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಮಾತು ಜೋಡಿಸಿದ. ಅಕ್ಕಾ, ಒಂದು ವಿಷಯ. ಅಕ್ಕಾ, ನನ್ನ ಕ್ಷಮಿಸು. ಛೇ. ಮುಂದಿನ ಸೀಟಿನಲ್ಲಿ ಒಬ್ಬಾಕೆ ಮಗುವಿಗೆ ಟೋಪಿ ಹಾಕುತ್ತಿದ್ದಳು, ಮಗು ಕಿತ್ತು ಎಸೆಯುತ್ತಿತ್ತು. ಅವರ ಹಳೆಯ ಮನೆಯಲ್ಲಿ ಕಕ್ಕಸು ಹಿತ್ತಿಲ ತುದಿಯಲ್ಲಿತ್ತು, ದೀಪವಿರಲಿಲ್ಲ. ಅಕ್ಕನಿಗೆ ಆಗ ಹದಿನೈದೋ ಹದಿನಾರೋ. ಚಳಿಯಲ್ಲಿ ಬಾಗಿಲ ಹೊರಗೆ ನಿಂತು ಅವಳು ಎಡೆಬಿಡದೆ ಮಾತಾಡಬೇಕಾಗಿತ್ತು. ಮಾತು ನಿಂತರೆ ಅವನು ಒಳಗಿಂದ ಕಿರುಚುತ್ತಿದ್ದ. ಹೇಳಲು ಏನೂ ಉಳಿಯದಿದ್ದಾಗ ಬರಿದೇ "ಇದೀನಿ ಕಣೋ, ಇದೀನಿ, ಇದೀನಿ" ಎನ್ನುತ್ತಿದ್ದಳು. ಆ ದನಿ ಎಷ್ಟು ಹತ್ತಿರವಿದೆಯೆಂದು ಅಳೆದುಕೊಂಡೇ ಅವನು ಕತ್ತಲಲ್ಲಿ ಕೂರುತ್ತಿದ್ದದ್ದು. ಉಚ್ಚೆಯ ಕಥೆ ಅವಳಿಗೆ ಮಾತ್ರ ಗೊತ್ತಿದ್ದ ಕಥೆ. ನಲವತ್ತು ವರ್ಷ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ, ಆ ಒಂದೇ ಒಂದು ಸಲ ಹೇಳಿದ್ದು ಹೆಮ್ಮೆಯಿಂದ ಎಂದು ಅವನಿಗೆ ಈಗ ಹೊಳೆಯಿತು. ಇಳಿಯಬೇಕಾದ ನಿಲ್ದಾಣ ದಾಟಿಹೋಗಿ ಒಂದು ನಿಲ್ದಾಣ ಹಿಂದಕ್ಕೆ ನಡೆದ.

ಮೂರನೆಯ ಮಹಡಿಯ ಮನೆ. ಬಾಗಿಲು ತೆರೆದವರು ಭಾವ. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ, ಎಂಜಿನ್ನಿನ ಪಕ್ಕದಲ್ಲೇ ಕುಳಿತೂ ಕುಳಿತೂ ಅವರ ಕಿವಿ ಹೋಗಿತ್ತು. ಕಿವಿಯ ಯಂತ್ರವನ್ನು ಹೊರಗೆ ಹೋದಾಗ ಹಾಕಿಕೊಳ್ಳುತ್ತಿದ್ದರೇ ಹೊರತು ಮನೆಯಲ್ಲಿ ಅದು ಸಿಳ್ಳೆ ಹೊಡೆಯುತ್ತದೆಂದು ತೆಗೆದು ಡಬ್ಬಿಯ ಮುಚ್ಚಳದಲ್ಲಿ ಇಡುತ್ತಿದ್ದರು. "ಬಾ ಬಾ, ಈಗ ತಾನೇ ನಿನ್ನ ವಿಷಯಾನೇ ಮಾತಾಡ್ತಿದ್ವಿ. ಮೇಲಿನ ಮನೆಯವರು ಬಂದಿದ್ರು. ಮೊದ್ಲೇ ತೋರಿಸ್ಬಾರ್ದಿತ್ತಾ ಅಂತಾರೆ! ನಾನು ಹೇಳ್ದೆ, ನಮ್ ಬಾಮೈದ ಅದೇ ಕೆಲಸದಲ್ಲಿ ಇರೋನು, ಅವನೇ ನೋಡಿದಾನೆ, ಆಗ ಏನೂ ಇರ್ಲಿಲ್ಲ, ಆಮೇಲೆ ಬಂದಿದ್ದು ಅಂತ. ಬಾಯ್ಮುಚ್ಕೊಂಡ್ರು" ಎಂದು, ತಾವು ಕಿರುಚುತ್ತಿದ್ದೇವೆಂದು ತಿಳಿಯದ ಕಿವುಡರ ದನಿಯಲ್ಲಿ, ಮೆಟ್ಟಿಲ ಮೇಲಿನವರಿಗೂ ಕೇಳುವಂತೆ ಹೇಳಿದರು. ಹೊಲಿಗೆ ಮೆಷಿನ್ನಿಗೆ ಹಳೆಯ ದುಪ್ಪಟಿ ಮುಚ್ಚಿತ್ತು. ಅಕ್ಕ ಹಾಸಿಗೆಯಲ್ಲಿ ಹೊಸ ದಿಂಬಿಗೆ ಒರಗಿ ಕುಳಿತು ಭಾವನ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಬಿದ್ದುಹೋದ ಗುಂಡಿಗಳನ್ನಲ್ಲ, ಗಟ್ಟಿಯಾಗಿರುವ ಗುಂಡಿಗಳನ್ನೇ, ಹಳೆಯದು ಹೊಸದು ಎನ್ನದೆ ಮನೆಯಲ್ಲಿದ್ದ ಅಂಗಿಗಳನ್ನೆಲ್ಲ ರಾಶಿ ಹಾಕಿಕೊಂಡು, ಒಂದೊಂದಕ್ಕೂ ಮತ್ತೆ ನಾಲ್ಕು ಸುತ್ತು ದಾರ ಹಾಕಿ ಬಿಗಿ ಮಾಡುತ್ತಿದ್ದಳು. ಕೈ ಕಡ್ಡಿಯಾಗಿತ್ತು, ಆದರೆ ಸೂಜಿ ನಡುಗುತ್ತಿರಲಿಲ್ಲ.

"ಊಟ ಆಯ್ತೇನೋ?" ಎಂದಳು. ಆಗಿದೆ ಎಂದ. ಆಗಿರಲಿಲ್ಲ. ಭಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪೇಪರು ಬಿಡಿಸಿಕೊಂಡರು. ಅವರು ಹೊರಗೆ ಹೋಗಲಿ ಎಂದು ಅವನು ಸ್ವಲ್ಪ ಹೊತ್ತು ಕಾದ. ಅವರು ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಅಷ್ಟು ದೂರಕ್ಕೆ ಕೂಗಿ ಹೇಳದ ಹೊರತು ಅವರಿಗೆ ಏನೂ ಕೇಳುತ್ತಿರಲಿಲ್ಲ. ಬಸ್ಸಿನಲ್ಲಿ ಜೋಡಿಸಿದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ಅಕ್ಕಾ, ಅವತ್ತೂ ಇತ್ತು."

"ಏನು ಇತ್ತು?"

"ಇದು. ಅವತ್ತು ನೀನು ಬಂದಾಗ್ಲೇ ಇತ್ತು. ಇವತ್ತು ಆ ಚಿತ್ರ ಸಿಕ್ತು, ನೋಡ್ದೆ. ಒಂದು ಬಟನ್ ಒತ್ತೋ ಮುಂಚೆ ಕಾಣ್ತಿತ್ತು, ಒತ್ತಿದ ಮೇಲೆ ಮರೆಯಾಯ್ತು. ಮರೆಯಾಗತ್ತೆ ಅಂತ ನಂಗೆ ಗೊತ್ತು. ಎಲ್ಲರಿಗೂ ಅದನ್ನೇ ಪಾಠ ಹೇಳ್ತೀನಿ."

ಸೂಜಿ ನಿಂತಿತು. ಅವಳು ಅವನನ್ನು ನೋಡಲಿಲ್ಲ. "ಎಷ್ಟಿತ್ತು?" ಎಂದು ಕೇಳಿದಳು, ಬಟ್ಟೆಯ ಅಳತೆ ಕೇಳುವ ಹಾಗೆ.

"ಉಗುರಿನಷ್ಟು. ಹೆಬ್ಬೆರಳಿಂದು."

ಅವಳು ತನ್ನ ಹೆಬ್ಬೆರಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿಕೊಂಡಳು. ಉಗುರು ಹಳದಿಯಾಗಿತ್ತು. "ಅವತ್ತೇ ತೆಗೆಸಿಬಿಟ್ಟಿದ್ರೆ?"

"ಗೊತ್ತಿಲ್ಲ ಅಕ್ಕ."

"ಗೊತ್ತಿಲ್ಲ ಅಂದ್ರೆ ಬದುಕ್ತಿದ್ದೆ ಅಂತ ತಾನೇ. ಇಲ್ದಿದ್ರೆ ಇಲ್ಲ ಅಂತ ಹೇಳ್ತಿದ್ದೆ ನೀನು."

ಅವನು ತಲೆ ತಗ್ಗಿಸಿದ. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಅರ್ಧ ಹೇಳಿ ಅರ್ಧ ಉಳಿಸಿಕೊಂಡರೆ ಮತ್ತೆ ಆ ಹಗುರವೇ ಬಂದು ಕೂರುತ್ತದೆಂದು, ಬಾಯಿಗೆ ಬಂದದ್ದನ್ನು ತಡೆಯದೆ ಹೇಳಿದ. ನಿನ್ನ ಮೇಲೆ ಕೋಪ ಬಂದಿತ್ತು, ಬೇಗ ಕಳಿಸಿಬಿಡೋಣ ಅನ್ನಿಸಿತು, ಎಲ್ಲರ ಮುಂದೆ ನೀನು ಆ ಮಾತು ಹೇಳಿದೆ, ಹುಡುಗಿಯರು ನಕ್ಕರು, ಡಾಕ್ಟರಮ್ಮ ನಕ್ಕರು. ಜೆಲ್ಲನ್ನೂ ಬೇಕೆಂದೇ ತಣ್ಣಗೆ ಹಾಕಿದೆ. ಹೇಳುತ್ತಿದ್ದ ಹಾಗೆ ತನ್ನ ದನಿ ಚಾಡಿ ಹೇಳುವ ಒಂಬತ್ತು ವರ್ಷದ ಹುಡುಗನದಾಗುತ್ತಿದೆಯೆಂದು ಕೇಳಿಸಿತು.

ಅಕ್ಕ ಈಗ ಅವನ ಕಡೆ ತಿರುಗಿದಳು. "ಉಚ್ಚೆ ವಿಷಯ ಹೇಳಿದ್ದಕ್ಕಾ?" ಎಂದಳು. ನಗು ಬಂದುಬಿಟ್ಟಿತು ಅವಳಿಗೆ. ಪಕ್ಕೆ ಹಿಡಿದುಕೊಂಡು, ನೋವಿಗೆ ಕಣ್ಣು ಮುಚ್ಚಿಕೊಂಡು ನಕ್ಕಳು, ನಗು ನಿಂತ ಮೇಲೂ ಕಣ್ಣು ತೆರೆಯಲಿಲ್ಲ.

"ಅಷ್ಟಕ್ಕಾ ಕಣೋ?"

ಕಿಟಕಿಯ ಹತ್ತಿರ ಪೇಪರಿನ ಹಾಳೆ ಮಗುಚಿದ ಸದ್ದಾಯಿತು. ಅವಳ ಕಾಲು ಹಿಡಿಯಬೇಕೆನ್ನಿಸಿ ಹೊದಿಕೆಯ ಮೇಲೆ ಕೈಯಿಟ್ಟ. ಅವಳು ಕಾಲನ್ನು ಮೆಲ್ಲಗೆ, ಆದರೆ ಬೇಕೆಂದೇ, ಪಕ್ಕಕ್ಕೆ ಸರಿಸಿಕೊಂಡಳು.

"ಯಾಕೆ ಹೇಳ್ದೆ ಇದನ್ನ?" ದನಿ ಏರಲಿಲ್ಲ. "ನಾನು ಮಲಗಿ ಮಲಗಿ ಲೆಕ್ಕ ಹಾಕಿದ್ದೆ, ಯಾರದೂ ತಪ್ಪಿಲ್ಲ ಅಂತ. ನಾನೂ ಸುಮ್ನಿರ್ಲಿಲ್ಲ, ತೋರಿಸ್ದೆ. ಅವರೂ ಹೇಳಿದ್ರು. ನೀನೂ ನೋಡ್ದೆ. ಆಗ ಇರ್ಲಿಲ್ಲ, ಆಮೇಲೆ ಬಂತು, ಬಂದಿದ್ದು ಬಂತು ಅಂತ. ಅದೊಂದಿತ್ತು ನಂಗೆ ಹಿಡ್ಕೊಂಡು ಹೋಗೋಕೆ. ನಿನ್ ಎದೆ ಹಗುರ ಮಾಡ್ಕೊಳ್ಳೋಕೆ ಅದನ್ನೂ ಕಿತ್ಕೊಂಡ್ಯಲ್ಲೋ."

"ತಪ್ಪಾಯ್ತು ಅಕ್ಕ."

"ತಪ್ಪಾಯ್ತು ಅನ್ಬೇಡ. ನಂಗೆ ಈಗ ನಿನ್ನ ಸಮಾಧಾನ ಮಾಡೋಷ್ಟು ಶಕ್ತಿ ಇಲ್ಲ."

ಬೈದುಬಿಡಲಿ, ಎದ್ದು ಹೋಗು ಎನ್ನಲಿ ಎಂದು ಅವನು ಕಾದ. ಹುಡುಗನಾಗಿದ್ದಾಗ ಹಾಸಿಗೆ ಒದ್ದೆ ಮಾಡಿದ ಬೆಳಿಗ್ಗೆಗಳಲ್ಲೂ ಹೀಗೇ ಕಾಯುತ್ತಿದ್ದ, ಅವಳು ಬಯ್ಯುತ್ತಿರಲಿಲ್ಲ, ಅಮ್ಮ ಏಳುವ ಮುಂಚೆ ದುಪ್ಪಟಿ ಎಳೆದುಕೊಂಡು ಹೋಗಿ ಒಗೆದು ಹಾಕುತ್ತಿದ್ದಳು. ಈಗ ಅವಳು ಮಡಿಲಲ್ಲಿದ್ದ ಅಂಗಿಯ ಕಾಲರನ್ನು ಬೆರಳಿನಿಂದ ಸವರುತ್ತ ಕಿಟಕಿಯ ಕಡೆ ನೋಡಿದಳು. ಭಾವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಓದುವಾಗ ತುಟಿ ಅಲ್ಲಾಡಿಸುವ ಅಭ್ಯಾಸದವರು, ಏನನ್ನೋ ಓದುತ್ತಿದ್ದರು.

"ಅವರಿಗೆ ಹೇಳ್ಬೇಡ" ಎಂದಳು.

"ಅಕ್ಕಾ..."

"ಯಾವತ್ತೂ ಹೇಳ್ಬೇಡ. ನಾನು ಹೋದ್ಮೇಲೂ ಹೇಳ್ಬೇಡ. ಮಕ್ಕಳಿಲ್ಲ ಮರಿಯಿಲ್ಲ, ಅವರಿಗೆ ಆಮೇಲೆ ನಿನ್ನ ಬಿಟ್ರೆ ಯಾರಿದಾರೆ? ಗೊತ್ತಾದ್ರೆ ನಿನ್ ಮುಖ ನೋಡಲ್ಲ ಅವರು. ನೀನು ಗುರುವಾರ ಗುರುವಾರ ಬರ್ಬೇಕು. ಬಂದು ಕೂತ್ಕೋಬೇಕು. ಅವರು ಅದೇ ಮಾತು ಸಾವಿರ ಸಲ ಹೇಳ್ತಾರೆ, ನೀನು ಹೂಂ ಅನ್ಬೇಕು. ನಿಂಗೆ ಕಷ್ಟ ಆಗತ್ತೆ. ಆಗ್ಲಿ."

ಆಗಲಿ ಎಂಬ ಮಾತಿನಲ್ಲಿ ಕೋಪವೂ ಇತ್ತು, ಕೋಪವಲ್ಲದ್ದೂ ಇತ್ತು. ಅವನಿಗೆ ಕ್ಷಮೆ ಸಿಕ್ಕಿರಲಿಲ್ಲ, ಕೆಲಸ ಸಿಕ್ಕಿತ್ತು. ಅವನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈಯೆತ್ತಿದ್ದನ್ನು ಭಾವ ಪೇಪರಿನ ಮೇಲಿಂದ ಕಂಡರು. ಪೇಪರು ಮಡಿಸಿ, ಕುರ್ಚಿಯನ್ನು ಇತ್ತ ತಿರುಗಿಸಿದರು.

"ಏನಂತೆ?" ಎಂದು ಕೂಗಿ ಕೇಳಿದರು. "ಯಾಕೆ ಅಳ್ತಿದಾನೆ ಇವ್ನು?"

"ಅವತ್ತಿಂದು ನೆನೆಸ್ಕೊಂಡು" ಎಂದಳು ಅಕ್ಕ, ಅವರಿಗೆ ಕಾಣುವ ಹಾಗೆ ತುಟಿಗಳನ್ನು ಅಗಲಿಸಿ. ಆಮೇಲೆ ಅವನ ಕಡೆ ನೋಡದೆ, ಸೂಜಿಯನ್ನು ಗುಂಡಿಯ ಕಣ್ಣಿಗೆ ತೂರಿಸುತ್ತ, "ಹೇಳು" ಎಂದಳು.

"ನಾನು ನೋಡಿದಾಗ ಏನೂ ಇರ್ಲಿಲ್ಲ ಭಾವ" ಎಂದ ಅವನು.

ಭಾವ ಕಿವಿಗೆ ಕೈ ಒಡ್ಡಿ ಮುಂದಕ್ಕೆ ಬಾಗಿದರು. "ಆಂ?"

"ಗಟ್ಟಿಯಾಗಿ ಹೇಳೋ" ಎಂದಳು ಅಕ್ಕ. "ಅವರಿಗೆ ಕೇಳ್ಸಿಲ್ಲ."

ಅವನು ಉಸಿರೆಳೆದುಕೊಂಡು ಅದನ್ನೇ ಇನ್ನೊಂದು ಸಲ, ಮನೆ ತುಂಬುವ ಹಾಗೆ ಕೂಗಿ ಹೇಳಿದ. ಭಾವನ ಮುಖ ತಿಳಿಯಾಯಿತು. "ಅದೇ, ಅದೇ ಕಣಪ್ಪ. ಅದೊಂದೇ ಸಮಾಧಾನ ನಮಗೆ" ಎಂದು ತಲೆಯಾಡಿಸಿ, ಎದ್ದು ಬಂದು ಅವನ ಬೆನ್ನು ತಟ್ಟಿದರು. ಅಕ್ಕ ದಾರವನ್ನು ಹಲ್ಲಿನಿಂದ ಕಡಿದು ಮುಂದಿನ ಅಂಗಿ ತೆಗೆದುಕೊಂಡಳು.